ಮಂಕಿ ಕ್ಯಾಪು, ಮೈಸೂರು ಸಿಲ್ಕು ಮತ್ತು ಅಲಾಸ್ಕಾ

ಜೂನ್ 3, 2024, ಸೋಮವಾರ. ಸಮುದ್ರದ ಮೇಲೆ

ಇವತ್ತು ಯಾವ ಬಂದರೂ ಇಲ್ಲ. ಅಲಾಸ್ಕಾ ಸುತ್ತಲು ನಿನ್ನೆ ಸಂಜೆ ಅಮೆರಿಕದ ಸಿಯಾಟಲ್ ಬಿಟ್ಟ ಹಡಗು ನಾಳೆ ಜೂನೋ ಮುಟ್ಟುವ ತನಕ ನೀರೇ ನೀರು. ಇಂಥ ದಿನಕ್ಕೆ 'ಸೀ ಡೇ' ಅಂತಾರೆ. 'ಬೋರ್ ಹೊಡೆಯುತ್ತಮ್ಮ, ಪುಸ್ತಕ ಇಟ್ಕೊಂಡಿರು' ಅಂತ ಮಗಳು ಹೇಳಿ ಕಳಿಸಿದ್ದಳು. ಪುಸ್ತಕ ಇನ್ನೂ ತೆರೆದಿಲ್ಲ.

ಬೆಳಿಗ್ಗೆ ಐದೂವರೆಗೆ ಪ್ರೊಮೆನಾಡ್ ಡೆಕ್ಕಿಗೆ ಹೋದರೆ ಅಷ್ಟು ಹೊತ್ತಿಗಾಗಲೇ ನಮ್ಮ ವಾರಿಗೆಯವರೇ ಹತ್ತಾರು ಜನ ಸುತ್ತು ಹಾಕುತ್ತಿದ್ದರು. ಎಷ್ಟು ಸುತ್ತಿಗೆ ಒಂದು ಮೈಲಿ ಅಂತ ಗೋಡೆಗೆ ಫಲಕ ಬೇರೆ ಹಾಕಿದ್ದಾರೆ. ಹಡಗಿನ ಮೂತಿಯ ಕಡೆ ನಡೆಯುವಾಗ ಗಾಳಿ ಎದೆಗೇ ಕೈಯಿಟ್ಟು ತಳ್ಳುತ್ತೆ. ತಿರುಗಿ ಹಿಂದಕ್ಕೆ ಹೊರಟರೆ ಅದೇ ಗಾಳಿ ಬೆನ್ನು ಹಿಡಿದು ನಡೆಸುತ್ತೆ. ಸೆರಗನ್ನು ಭುಜದ ಹತ್ತಿರ ಪಿನ್ ಮಾಡಿದರೆ ಸಾಲದು, ಸೊಂಟಕ್ಕೂ ಸಿಕ್ಕಿಸಬೇಕು. ನೆರಿಗೆ ನಾಲ್ಕು ಬೆರಳು ಮೇಲಿರಬೇಕು, ಒಳಲಂಗದ ಬದಲು ಉಣ್ಣೆಯ ಥರ್ಮಲ್ ಪ್ಯಾಂಟು, ಕಾಲಿಗೆ ಜಾರದ ಸ್ಪೋರ್ಟ್ಸ್ ಶೂ. ಈ ವೇಷ ನೋಡಿ ಎದುರು ಬಂದ ಒಬ್ಬ ಅಜ್ಜ ಟೋಪಿ ತೆಗೆದು ನಮಸ್ಕರಿಸಿದ. ನಾನೂ ರಾಣಿಯ ಗತ್ತಿನಲ್ಲೇ ತಲೆ ಆಡಿಸಿ ಮುಂದೆ ಹೋದೆ.

ಜೊತೆಗೆ ಬಂದಿರುವವಳು ನನ್ನ ವಾರಗಿತ್ತಿ. ಕ್ರೂಸಿನ ದರವೆಲ್ಲ ಒಂದು ಕೋಣೆಗೆ ಇಬ್ಬರು ಅನ್ನುವ ಲೆಕ್ಕದ ಮೇಲೆ ನಿಂತಿದೆ. ಒಬ್ಬರೇ ಹೊರಟರೂ ಬಹುತೇಕ ಹಡಗುಗಳಲ್ಲಿ ಹೆಚ್ಚುಕಮ್ಮಿ ಇಬ್ಬರ ದುಡ್ಡು ಕಕ್ಕಬೇಕು. ಗಂಡಂದಿರು ಹೋದ ಮೇಲೆ ನಾವಿಬ್ಬರೂ ಒಂಟಿ. ಒಂದೇ ಮನೆಗೆ ಸೊಸೆಯರಾಗಿ ಬಂದ ಕಾಲಕ್ಕೆ ಅಡುಗೆಮನೆ ಹಂಚಿಕೊಳ್ಳಲು ಆಗದವರು ಈಗ ಹಾಸಿಗೆ ಎರಡಿಟ್ಟ ಗೂಡಿನಂಥ ಕ್ಯಾಬಿನ್ ಹಂಚಿಕೊಂಡಿದ್ದೇವೆ. ಅವಳು ಬೆಂಗಳೂರಿನಿಂದ ಮಂಕಿ ಕ್ಯಾಪು ತಂದಿದ್ದಾಳೆ. ಕಂದು ಬಣ್ಣದ್ದು. ಒಳಗೆ ಹೀಟರ್ ಇರುವ ಊಟದ ಹಾಲಿಗೂ ಅದನ್ನೇ ಹಾಕಿಕೊಂಡು ಬರುತ್ತಾಳೆ.

ಇನ್ನೊಂದು ವಸ್ತುವನ್ನೂ ತಂದಿದ್ದಳು, ಪುಟ್ಟ ಇಸ್ತ್ರಿಪೆಟ್ಟಿಗೆ. ಹತ್ತುವಾಗಲೇ ತೆಗೆದಿಟ್ಟುಕೊಂಡರು. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು, ಹಾಗಾಗಿ ಇಸ್ತ್ರಿಪೆಟ್ಟಿಗೆ, ಸ್ಟೀಮರ್, ಮೇಣದಬತ್ತಿ ಯಾವುದೂ ಕೋಣೆಗೆ ಬರುವಂತಿಲ್ಲ. ಇಳಿಯುವ ದಿನ ವಾಪಸ್ ಕೊಡುತ್ತಾರಂತೆ. ಗಂಜಿ ಹಾಕಿದ ಕಾಟನ್ ಸೀರೆಗಳನ್ನೇ ತುಂಬಿಕೊಂಡು ಬಂದವಳಿಗೆ ಇದು ಸಣ್ಣ ಏಟಲ್ಲ. ನಿನ್ನೆ ರಾತ್ರಿಯಿಡೀ ಸೀರೆಗಳನ್ನು ಹಾಸಿಗೆಯ ಅಡಿ ಮಡಚಿಟ್ಟುಕೊಂಡು ಮಲಗಿದಳು.

ನಾನು ತಂದಿರುವುದು ಮೈಸೂರು ಸಿಲ್ಕು. ಹೆಮ್ಮೆಗಾಗಿ ಅಲ್ಲ (ಸರಿ, ಸ್ವಲ್ಪ ಹೆಮ್ಮೆಗೂ ಹೌದು), ಕ್ರೇಪ್ ರೇಷ್ಮೆ ಸುಕ್ಕಾಗುವುದಿಲ್ಲ ಅಂತ. ಮಡಚಿದರೆ ಕರವಸ್ತ್ರದಷ್ಟಾಗುತ್ತೆ, ಕೊಡವಿದರೆ ಹೊಸದಾಗುತ್ತೆ. ನಿನ್ನೆ ಹಡಗು ಹೊರಡುವ ಮೊದಲು ಕಡ್ಡಾಯದ ಸುರಕ್ಷತಾ ಪಾಠ ಇತ್ತು: ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಅಂತ. ಈ ನಿಯಮಗಳಿಗೆಲ್ಲ ಬುನಾದಿ 1912ರಲ್ಲಿ ಟೈಟಾನಿಕ್ ಮುಳುಗಿದ್ದು. ಎರಡು ವರ್ಷ ಬಿಟ್ಟು 1914ರಲ್ಲಿ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಮೈಸೂರಿನಲ್ಲಿ ನಾಲ್ವಡಿಯವರ ಕಾಲದಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಗಿದ್ದೂ ಅದೇ 1912ರಲ್ಲಿ. ಮೇಷ್ಟರಗಿತ್ತಿಯ ಬುದ್ಧಿ, ಇಸವಿ ಕಂಡರೆ ಜೋಡಿ ಹುಡುಕುತ್ತೆ.

ಇವತ್ತು ರಾತ್ರಿ ಡ್ರೆಸ್ಸಿ ನೈಟ್. ಗಂಡಸರು ಕೋಟು, ಕೆಲವರು ಬಿಲ್ಲುಟೈ. ಹೆಂಗಸರು ಮಿಂಚು ಹೊಲಿದ ಗೌನು. ನಾನು ಬಾಟಲ್ ಹಸಿರು ಸೀರೆ, ಸಣ್ಣ ಜರಿ ಅಂಚು, ಉದ್ದ ತೋಳಿನ ಕಪ್ಪು ರವಿಕೆ, ಹವಳದ ಒಂದೆಳೆ ಸರ, ಅಷ್ಟೇ. ಕೂದಲಿಗೆ ಬಣ್ಣ ಹಾಕುವುದು ಬಿಟ್ಟು ಕುತ್ತಿಗೆಯ ಮೇಲಕ್ಕೆ ಕತ್ತರಿಸಿಕೊಂಡಾಗಿನಿಂದ ಬಣ್ಣದ ಸೀರೆಗಳು ನನಗೆ ಹೆಚ್ಚು ಒಪ್ಪುತ್ತಿವೆ. ನಮ್ಮಲ್ಲಿ ಅರವತ್ತು ದಾಟಿದ ಕೂಡಲೇ ತಿಳಿ ಬೂದಿ, ತಿಳಿ ಕೆನೆ ಬಣ್ಣವೇ ಲಕ್ಷಣ ಅಂತ ಯಾರು ಶಾಸನ ಬರೆದರೋ. ಪಕ್ಕದ ಮೇಜಿನಲ್ಲಿ ಎಂಬತ್ತು ದಾಟಿರಬಹುದಾದ ಒಬ್ಬಾಕೆ ಕೂತಿದ್ದರು. ಊರುಗೋಲಿನ ಹಿಡಿಗೆ ಕೆಂಪು ಬಣ್ಣ ಬಳಿಸಿದ್ದರು, ತುಟಿಗೂ ಅದೇ ಕೆಂಪು, ಉಗುರಿಗೂ ಅದೇ. ಕೋಲನ್ನು ಅಡಗಿಸುವ ಬದಲು ಒಡವೆ ಮಾಡಿಕೊಂಡುಬಿಟ್ಟಿದ್ದಾರೆ! ಊಟವಾದ ಮೇಲೆ ಬ್ಯಾಂಡಿನವರು ಬಾರಿಸುವಾಗ ಆಕೆ ಕೋಲನ್ನು ಕುರ್ಚಿಗೆ ಒರಗಿಸಿ, ಯಜಮಾನರ ತೋಳು ಹಿಡಿದು, ನಿಂತಲ್ಲೇ ಕುಣಿದರು.

ಊಟ ಬಡಿಸಿದ ಹುಡುಗ ನಮ್ಮ ಮಾತು ಕೇಳಿ ನಿಂತ. 'ಅಮ್ಮ, ಕನ್ನಡದವ್ರಾ? ನಮ್ದು ಬಂಟ್ವಾಳ.' ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ಎಷ್ಟೋ ವರ್ಷಗಳಿಂದ ಹಡಗಿನ ಕೆಲಸಕ್ಕೆ ಹೋಗುವವರೇ. ತಿಂಗಳುಗಟ್ಟಲೆ ವಾರದ ರಜೆ ಇಲ್ಲದೆ ದುಡಿದು, ಕಾಂಟ್ರಾಕ್ಟು ಮುಗಿದ ಮೇಲೆ ಊರಿಗೆ. ಈತನ ಕಾಂಟ್ರಾಕ್ಟು ದೀಪಾವಳಿಗೆ ಮುಂಚೆ ಮುಗಿಯುತ್ತಂತೆ. 'ಹಿಂದಿನ ದಿನವೇ ಹೇಳಿದ್ರೆ ಇಂಡಿಯನ್ ವೆಜ್ ಮಾಡ್ಸಿ ಕೊಡ್ತೇನೆ' ಅಂದ. ವಾರಗಿತ್ತಿ ಆ ಕ್ಷಣವೇ ಹಡಗಿನ ಪರ ವಾಲಿದಳು. ಮಂಕಿ ಕ್ಯಾಪು ಮಾತ್ರ ತೆಗೆಯಲಿಲ್ಲ.

ಜೂನ್ 4, ಮಂಗಳವಾರ. ಜೂನೋ

ಗಡಿಯಾರ ಒಂದು ಗಂಟೆ ಹಿಂದಕ್ಕೆ. ಅಲಾಸ್ಕಾದ ರಾಜಧಾನಿ ಇದು, ಆದರೆ ಹೊರಗಿನಿಂದ ಇಲ್ಲಿಗೆ ಬರಲು ರಸ್ತೆಯೇ ಇಲ್ಲ. ಹಡಗು ಇಲ್ಲವೇ ವಿಮಾನ. ದೊಡ್ಡ ಹಡಗುಗಳ ಜಾತ್ರೆ ತಡೆಯಲಾರದೆ ಈ ವರ್ಷದಿಂದ ದಿನಕ್ಕೆ ಐದೇ ಅಂತ ಮಿತಿ ಹಾಕಿಕೊಂಡಿದ್ದಾರೆ. ಐದಾದರೂ ಬಂದರಿನ ಬೀದಿಯಲ್ಲಿ ಮೈಗೆ ಮೈ ತಾಗುತ್ತೆ. ಆ ಬೀದಿಯಲ್ಲಿ ಸಾಲಾಗಿ ವಜ್ರದಂಗಡಿಗಳು. ಅಲಾಸ್ಕಾಕ್ಕೂ ಅಲ್ಲಿನ ವಜ್ರಕ್ಕೂ ಏನೇನೂ ಸಂಬಂಧವಿಲ್ಲ. ಇವು ಹಡಗಿನವರಿಗಾಗಿಯೇ ಬಾಗಿಲು ತೆರೆಯುವ ಅಂಗಡಿಗಳು. ಹಡಗಿನ ಶಾಪಿಂಗ್ ಭಾಷಣಕ್ಕೆ ಕಿವಿಗೊಡದಿದ್ದರೆ ಅರ್ಧ ದಿನ ಉಳಿಯುತ್ತೆ.

ಉಳಿದ ಅರ್ಧ ದಿನವನ್ನು ಮೆಂಡೆನ್‌ಹಾಲ್ ಹಿಮನದಿಗೆ ಕೊಟ್ಟೆವು. ಬಸ್ಸು ಇಳಿದ ಜಾಗದಿಂದ ನಗೆಟ್ ಜಲಪಾತಕ್ಕೆ ಹೆಚ್ಚುಕಮ್ಮಿ ಒಂದು ಮೈಲಿ, ಏರು ಅಷ್ಟೇನಿಲ್ಲ, ಕಾಲುದಾರಿ ಚೆನ್ನಾಗಿದೆ. ಸೀರೆಗೆ ರಜೆ. ಗುಳೇದಗುಡ್ಡದ ಖಣದ ಬಟ್ಟೆಗೆ ಹತ್ತಿಯ ಪದರ ಕೊಟ್ಟು ಹೊಲಿಸಿದ ಜಾಕೆಟ್ಟು, ಕೆಳಗೆ ಕಪ್ಪು ಪ್ಯಾಂಟು. ಮೈಸೂರಿನ ನನ್ನ ಟೈಲರ್ 'ಖಣದಲ್ಲಿ ಜಾಕೆಟ್ಟಾ ಮೇಡಂ?' ಅಂತ ಮುಖ ಹುಳಿ ಮಾಡಿದ್ದ. ಇಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಬಟ್ಟೆ ಮುಟ್ಟಿ ನೋಡಿದರು. ಜಲಪಾತ 377 ಅಡಿ. ಹತ್ತಿರ ಹೋದರೆ ಕನ್ನಡಕವೆಲ್ಲ ಹನಿ. ವಾರಗಿತ್ತಿ ನನಗಿಂತ ಮುಂಚೆ ತಲುಪಿ ಕಲ್ಲಿನ ಮೇಲೆ ಕೂತು ಕೋಡುಬಳೆ ತಿನ್ನುತ್ತಿದ್ದಳು.

ಜೂನ್ 5, ಬುಧವಾರ. ಸ್ಕಾಗ್ವೇ

ವೈಟ್ ಪಾಸ್ ರೈಲು. ಮೂರಡಿ ಅಗಲದ ಹಳಿ, 1898ರಲ್ಲಿ ಶುರು ಮಾಡಿ 1900ರಲ್ಲಿ ಮುಗಿಸಿದ್ದು. ಸಮುದ್ರದ ದಡದಿಂದ ಇಪ್ಪತ್ತು ಮೈಲಿಯಲ್ಲಿ 2,865 ಅಡಿ ಹತ್ತುತ್ತೆ. ನಮ್ಮ ಮೈಸೂರೇ ಸುಮಾರು 2,500 ಅಡಿ ಎತ್ತರದಲ್ಲಿದೆ ಅನ್ನುವುದು ನೆನಪಾಗಿ ನಗು ಬಂತು. ಅಷ್ಟೇ ಎತ್ತರ, ಆದರೆ ಇಲ್ಲಿ ಜೂನಿನಲ್ಲೂ ಹಿಮ ಬಿದ್ದುಕೊಂಡಿದೆ. ಎತ್ತರಕ್ಕಿಂತ ಅಕ್ಷಾಂಶದ ದರ್ಬಾರು ಅಂತ ಒಂಬತ್ತನೇ ತರಗತಿಗೆ ಎಷ್ಟು ಸಲ ಹೇಳಿದ್ದೇನೋ, ಕಣ್ಣಾರೆ ನೋಡಿದ್ದು ಇವತ್ತೇ.

ಗಡಿಯಾಚೆ ಕೆನಡಾದ ಕ್ಲಾಂಡೈಕಿನಲ್ಲಿ ಚಿನ್ನ ಹುಡುಕುವ ಹುಚ್ಚು ಹತ್ತಿದ ಕಾಲದಲ್ಲಿ ಒಂದು ವರ್ಷಕ್ಕಾಗುವಷ್ಟು ಸಾಮಾನು ಇಲ್ಲದವರನ್ನು ಕೆನಡಾ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ತಲೆಗೆ ಸುಮಾರು ಒಂದು ಟನ್. ಅದನ್ನು ಹೊತ್ತು ಈ ಕಣಿವೆಯಲ್ಲಿ ಸಾವಿರಾರು ಕುದುರೆಗಳು ಸತ್ತವು. ಕಿಟಕಿಯಿಂದ ಆ ಹಳೆಯ ಜಾಡು ಕಾಣುತ್ತೆ. ನಮ್ಮ ಬೋಗಿಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ವಾರಗಿತ್ತಿ, 'ನಿನ್ನ ಇಪ್ಪತ್ತಮೂರು ಕಿಲೋ ಸೂಟ್‌ಕೇಸಿಗೆ ಮಕ್ಕಳು ಅಷ್ಟು ಗೊಣಗಿದ್ರಲ್ಲ' ಅಂದಳು.

ಹಡಗು ವಯಸ್ಸಾದವರಿಗೆ ಒಳ್ಳೆಯದು, ಆರಾಮಾಗಿ ಕೂತಿರಬಹುದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅನಿಸುತ್ತಿರುವುದು ಬೇರೆ. ಬಸ್ಸಿನ ಪ್ಯಾಕೇಜ್ ಟೂರಿನಲ್ಲಿ ದಿನಾ ಬೆಳಿಗ್ಗೆ ಗಂಟುಮೂಟೆ ಕಟ್ಟಿ, ದಿನಾ ರಾತ್ರಿ ಬಿಚ್ಚಿ, ನಮ್ಮ ಶಕ್ತಿಯೆಲ್ಲ ಜಿಪ್ಪು ಎಳೆಯುವುದರಲ್ಲೇ ಮುಗಿದುಹೋಗುತ್ತೆ. ಇಲ್ಲಿ ಮೊದಲ ದಿನ ಸೀರೆ ತೂಗುಹಾಕಿದರೆ ಮುಗಿಯಿತು, ಊರುಗಳೇ ಬಾಗಿಲಿಗೆ ಬರುತ್ತವೆ. ಉಳಿದ ಶಕ್ತಿಯನ್ನೆಲ್ಲ ಕಾಲಿಗೆ ಕೊಡಬಹುದು. ಕೂತಿರಲು ಇಷ್ಟು ದೂರ ಯಾಕೆ ಬರಬೇಕು, ಮನೆಯ ಜಗಲಿ ಇಲ್ಲವೇ?

ಜೂನ್ 6, ಗುರುವಾರ. ಗ್ಲೇಸಿಯರ್ ಬೇ

ಬೆಳಗಿನ ಜಾವವೇ ಎದ್ದೆ. ಬೇಗ ಎದ್ದೆ ಅನ್ನಲು ಇಲ್ಲಿ ಕತ್ತಲಾದರೂ ಎಲ್ಲಿ ಆಗುತ್ತೆ? ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ, ನಾಲ್ಕಕ್ಕೆ ಮತ್ತೆ ಹಾಜರು.

ಕೊಲ್ಲಿಯ ಬಾಯಲ್ಲಿ ಸಣ್ಣ ದೋಣಿಯೊಂದು ನಮ್ಮ ಹಡಗಿಗೆ ಒತ್ತಿಕೊಂಡು ಬಂತು. ಎರಡೂ ಚಲಿಸುತ್ತಿರುವಾಗಲೇ ರಾಷ್ಟ್ರೀಯ ಉದ್ಯಾನದ ರೇಂಜರುಗಳು ಏಣಿ ಹಿಡಿದು ಹತ್ತಿದರು. ಅವರಲ್ಲಿ ಒಬ್ಬಾಕೆಯ ಜಡೆ ನನ್ನ ಕೂದಲಿಗಿಂತ ಬೆಳ್ಳಗಿತ್ತು. ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಇಲ್ಲಿ ಪ್ರವೇಶ. ಸದ್ದು ಮಾಡುವ ಸಂಗೀತ, ಜಾಹೀರಾತು ಎಲ್ಲ ಬಂದ್. ಧ್ವನಿವರ್ಧಕದಲ್ಲಿ ರೇಂಜರ್ ಮಾತು ಮಾತ್ರ.

ಸುಮಾರು 1750ರಲ್ಲಿ ಈ ಇಡೀ ಕೊಲ್ಲಿ ಮಂಜುಗಡ್ಡೆಯ ಕೆಳಗಿತ್ತು. ಮುನ್ನುಗ್ಗಿದ ಹಿಮ ಇಲ್ಲಿದ್ದ ಮೂಲನಿವಾಸಿ ಹೂನಾ ಟ್ಲಿಂಗಿಟ್ ಜನರನ್ನು ಅವರ ಊರುಗಳಿಂದಲೇ ಎಬ್ಬಿಸಿತು. 1794ರಲ್ಲಿ ಇಂಗ್ಲಿಷ್ ನಾವಿಕ ವ್ಯಾಂಕೂವರನ ತಂಡ ಬಂದಾಗ ಹಿಮದ ಗೋಡೆ ಕೊಲ್ಲಿಯ ಬಾಯಿಂದ ಐದೇ ಮೈಲಿ ಹಿಂದಿತ್ತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವ ಹೊತ್ತಿಗೆ ನಲವತ್ತು ಮೈಲಿಗೂ ಹಿಂದೆ ಸರಿದಿತ್ತು. ಈಗ ಕೊಲ್ಲಿಯ ತುದಿ ಮುಟ್ಟಲು ಸುಮಾರು ಅರವತ್ತೈದು ಮೈಲಿ. ಅಂದರೆ ಹಡಗು ಬೆಳಿಗ್ಗೆಯಿಂದ ಹೋಗುತ್ತಿರುವ ನೀರೆಲ್ಲ ಇನ್ನೂರೆಪ್ಪತ್ತು ವರ್ಷದ ಹಿಂದೆ ಗಟ್ಟಿ ನೆಲದಂತೆ ಇದ್ದದ್ದು. ದಡದ ಕಾಡನ್ನು ನೋಡುತ್ತ ಹೋದರೆ ಅದೇ ಕಾಲಸೂಚಿ: ಬಾಯಿಯ ಹತ್ತಿರ ದಟ್ಟ ಸ್ಪ್ರೂಸ್ ಮರ, ಒಳಗೆ ಹೋದಂತೆ ಪೊದೆ, ಆಮೇಲೆ ಪಾಚಿ, ಕೊನೆಗೆ ಬರೀ ಬಂಡೆ. ಹಿಮ ಬಿಟ್ಟುಹೋದ ನೆಲಕ್ಕೆ ವಯಸ್ಸಾದಷ್ಟೂ ಮೈತುಂಬಾ ಹಸಿರು.

ಮಾರ್ಜರಿ ಹಿಮನದಿಯ ಎದುರು ಹಡಗು ನಿಂತಿತು. ಒಂದು ಮೈಲಿ ಅಗಲದ ಗೋಡೆ, ನೀರಿನಿಂದ ಮೇಲೆ ಸುಮಾರು 250 ಅಡಿ. ನೀಲಿ ಬಣ್ಣ ಫೋಟೋದಲ್ಲಿ ನೋಡಿ ಸುಳ್ಳು ಅಂದುಕೊಂಡಿದ್ದೆ. ಅಷ್ಟು ಒತ್ತೊತ್ತಾದ ಮಂಜು ಕೆಂಪು ಬೆಳಕನ್ನೆಲ್ಲ ನುಂಗಿ ನೀಲಿಯನ್ನಷ್ಟೇ ಬಿಟ್ಟುಕೊಡುತ್ತೆ. ಬಿರುಕುಗಳ ಒಳಗೆ ಇನ್ನೂ ಗಾಢ, ನವಿಲಿನ ಕತ್ತಿನ ಹಾಗೆ. ಮೊದಲು ಒಂದು ಚೂರು ಕಳಚಿ ಬಿತ್ತು, ಸದ್ದೇ ಇಲ್ಲ. ನೀರು ಚಿಮ್ಮಿದ್ದು ಕಂಡು ಒಂದೆರಡು ಕ್ಷಣ ಕಳೆದ ಮೇಲೆ ಗುಡುಗಿನಂಥ ಶಬ್ದ ಬಂತು. ಆಗ ತಿಳಿಯಿತು ನಾವು ಅಂದುಕೊಂಡಷ್ಟು ಹತ್ತಿರದಲ್ಲಿಲ್ಲ ಅಂತ. ತೇಲುವ ಮಂಜಿನ ಹಲಗೆಗಳ ಮೇಲೆ ಸೀಲುಗಳು ಮಲಗಿದ್ದವು, ಒಂದೂ ತಲೆಯೆತ್ತಲಿಲ್ಲ.

ಬಾಲ್ಕನಿ ಕೋಣೆ ತೆಗೆದುಕೊಳ್ಳದಿದ್ದರೆ ಅಲಾಸ್ಕಾ ವ್ಯರ್ಥ ಅಂತ ಯಾರೋ ಹೇಳಿದ್ದರು. ಒಪ್ಪುವುದಿಲ್ಲ. ಹಡಗು ನಿಂತಲ್ಲೇ ನಿಧಾನವಾಗಿ ಪೂರ್ತಿ ತಿರುಗುತ್ತೆ, ಎಡಗಡೆಯವರಿಗೂ ಬಲಗಡೆಯವರಿಗೂ ಸಮಪಾಲು. ತೆರೆದ ಡೆಕ್ಕಿನಲ್ಲಿ ನಿಂತರೆ ಎರಡೂ ಕಡೆ ನಿಮ್ಮದೇ. ಆ ದುಡ್ಡನ್ನು ರೈಲಿಗೆ, ದೋಣಿಗೆ ಇಟ್ಟುಕೊಳ್ಳಿ.

ಇವತ್ತಿನ ಉಡುಪಿನ ವಿಷಯ ಬರೆಯದಿದ್ದರೆ ನನ್ನ ಓದುಗರು ಬಿಡುವುದಿಲ್ಲ. ಇಳಕಲ್ ಸೀರೆ, ಮೇಲೆ ಖಣದ ಜಾಕೆಟ್ಟು, ಅದರ ಮೇಲೆ ಗಾಳಿ ತಡೆಯುವ ತೆಳು ಕೋಟು ಬಿಚ್ಚುಗುಂಡಿಯಲ್ಲಿ. ಇಳಕಲ್ಲಿನ ಗುರುತಾದ ಟೋಪ್ ತೆನಿ ಸೆರಗಿನ ಕೆಂಪನ್ನು ಬೂದು ನೀರಿನ ಎದುರು ನೋಡಬೇಕಿತ್ತು. ಕಿವಿ ಮಾತ್ರ ಥಂಡಿಯಿಂದ ಉರಿಯುತ್ತಿತ್ತು. ವಾರಗಿತ್ತಿ ಏನೂ ಮಾತಾಡದೆ ಬ್ಯಾಗಿನಿಂದ ಇನ್ನೊಂದು ಮಂಕಿ ಕ್ಯಾಪು ತೆಗೆದು ಕೊಟ್ಟಳು. ನೀಲಿ. ಸೀರೆಗೆ ಮ್ಯಾಚಾಗುತ್ತಿತ್ತು ಅನ್ನುವ ಒಂದೇ ಕಾರಣಕ್ಕೆ ಹಾಕಿಕೊಂಡೆ.

ಜೂನ್ 7, ಶುಕ್ರವಾರ. ಕೆಚಿಕನ್

ಮಳೆ. ಇಲ್ಲಿ ವರ್ಷಕ್ಕೆ ಸುಮಾರು 150 ಇಂಚು ಬೀಳುತ್ತೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆಗುಂಬೆಯವರು ಕೇಳಿದರೆ ನಕ್ಕಾರು. ಇಲ್ಲಿನ ಮೂಲನಿವಾಸಿಗಳು ಕೆತ್ತಿದ ಟೋಟೆಮ್ ಕಂಬಗಳು ಮಾತ್ರ ನೆನೆದಾಗಲೇ ಚಂದ, ಸೀಡರ್ ಮರದ ಬಣ್ಣ ಎದ್ದು ಬರುತ್ತೆ. ಸೀರೆ ಪ್ಲಾಸ್ಟಿಕ್ ರೇನ್‌ಕೋಟಿನೊಳಗೆ, ಹಾಗಾಗಿ ಬರೆಯಲು ಏನೂ ಇಲ್ಲ.

ಜೂನ್ 8, ಶನಿವಾರ. ವಿಕ್ಟೋರಿಯಾ ಸಮೀಪಿಸುತ್ತಿದ್ದೇವೆ

ರಾತ್ರಿ ಕೆಲವೇ ಗಂಟೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತೆ. ವಿದೇಶಿ ಬಾವುಟದ ಹಡಗು ಅಮೆರಿಕದಲ್ಲಿ ಹೊರಟು, ಅಮೆರಿಕದ ಊರುಗಳನ್ನಷ್ಟೇ ಸುತ್ತಿ, ಅಲ್ಲಿಗೇ ವಾಪಸಾಗುವಂತಿಲ್ಲ, ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕು ಅಂತ 1886ರ ಕಾನೂನು. ಆ ಮುದಿ ಕಾನೂನಿನ ದೆಸೆಯಿಂದ ನಮ್ಮ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು, ಅಮೆರಿಕದ ವೀಸಾ ಮತ್ತೆ ಒಳಗೆ ಬರಲು ಬಿಡುವಂಥದ್ದಾಗಿರಬೇಕು. ಊರಿನಿಂದ ಬರುವವರು ಟಿಕೆಟಿಗಿಂತ ಮೊದಲು ಇದನ್ನು ನೋಡಿಕೊಳ್ಳಿ. ಪ್ರಯಾಣದ ವಿಮೆಯನ್ನೂ ಮಾಡಿಸಿ; ಹಡಗಿನಲ್ಲಿ ಡಾಕ್ಟರಿದ್ದಾರೆ, ಬಿಲ್ಲು ಡಾಲರಿನಲ್ಲಿ.

ದೊಡ್ಡ ಪೆಟ್ಟಿಗೆಗಳನ್ನು ಇವತ್ತು ರಾತ್ರಿಯೇ ಬಾಗಿಲ ಹೊರಗಿಡಬೇಕು. ಅವನ್ನು ಕೆಳಗೆ ಒಯ್ದು ನಾಳೆ ದಡದಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ನಾಳೆ ಉಡುವುದನ್ನು ಬೇರೆ ತೆಗೆದಿಟ್ಟುಕೊಳ್ಳಬೇಕು ಅಂತ ಸಂಜೆಯಿಂದ ನಾಲ್ಕು ಸಲ ಹೇಳಿದೆ. ವಾರಗಿತ್ತಿ ಹೂಂಗುಟ್ಟುತ್ತಲೇ ಎಲ್ಲವನ್ನೂ ತುಂಬಿ, ಬೀಗ ಹಾಕಿ, ಹೊರಗಿಟ್ಟು ಬಂದು ನೈಟಿಯಲ್ಲಿ ಹಾಸಿಗೆ ಮೇಲೆ ಕೂತಿದ್ದಾಳೆ. ಬಾಗಿಲು ತೆಗೆದು ನೋಡಿದರೆ ಪೆಟ್ಟಿಗೆ ಹೋಗಿಯೇಬಿಟ್ಟಿದೆ. ಉಳಿದಿರುವುದು ಕಂದು ಮಂಕಿ ಕ್ಯಾಪು ಒಂದೇ. ನಾಳೆಗೆ ಅಂತ ನಾನು ಎತ್ತಿಟ್ಟುಕೊಂಡಿದ್ದ ನೇರಳೆ ಮೈಸೂರು ಸಿಲ್ಕನ್ನು ಅವಳಿಗೆ ಉಡಿಸಿ ನೋಡಿದೆ. ನನಗಿಂತ ಅವಳಿಗೇ ಚೆನ್ನಾಗಿ ಕಾಣುತ್ತೆ. ನನಗೆ ಜಾಕೆಟ್ಟು, ಪ್ಯಾಂಟು ಇದ್ದೇ ಇದೆ. ರವಿಕೆ ಬಿಗಿಯಾಗುತ್ತೆ ಅಂತ ಈಗ ಹೊಲಿಗೆ ಬಿಚ್ಚುತ್ತ ಕೂತಿದ್ದಾಳೆ, ನನ್ನದೇ ರವಿಕೆಯನ್ನು.