ಪುರುಡಿನಲ್ಲಿ ಹೊತ್ತ ಹರಕೆ

ನಮ್ಮ ಮನೆಯಲ್ಲಿ ಈಗ ಪುರುಡು. ತಮ್ಮನಿಗೆ ಗಂಡು ಮಗು ಹುಟ್ಟಿದೆ. ಹತ್ತು ದಿನ ದೇವರ ದೀಪ ಹಚ್ಚುವಂತಿಲ್ಲ, ಗುಡಿಗೆ ಹೋಗುವಂತಿಲ್ಲ. ದೇವರ ಮುಂದೆ ಓಡಿಹೋಗಿ ನಿಲ್ಲಬೇಕು ಅನ್ನಿಸುವ ದಿನಗಳೂ ಇವೇ.

ಕೂಸು ಐಸಿಯುನಲ್ಲಿದೆ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲು ಬದಲಾಗಿವೆ. ಶ್ವಾಸಕೋಶದಿಂದ ಬಂದ ಒಳ್ಳೆಯ ರಕ್ತ ಮತ್ತೆ ಅಲ್ಲಿಗೇ ಹೋಗುತ್ತದೆ. ಮೈಗೆ ಸಿಗುವುದು ಆಮ್ಲಜನಕ ಕಡಿಮೆಯಾದ ರಕ್ತ. ತುಟಿ, ಉಗುರು ನೀಲಿಯಾದಾಗ ಗೊತ್ತಾಯಿತು. ತಾಯಿಯ ಹೊಟ್ಟೆಯಲ್ಲಿದ್ದಾಗ ಆ ಎರಡು ನಾಳಗಳ ನಡುವೆ ಒಂದು ಸಣ್ಣ ದಾರಿ ಇರುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಕೂಸಿಗೆ ಅದು ಮುಚ್ಚಬಾರದು. ಅಲ್ಲೇ ಒಂದಿಷ್ಟು ಒಳ್ಳೆಯ ರಕ್ತ ಬೆರೆತು ಮೈಗೆ ಹೋಗಬೇಕು. ಅದಕ್ಕೇ ಪ್ರೊಸ್ಟಗ್ಲಾಂಡಿನ್ ಅನ್ನುವ ಔಷಧಿ ಹಗಲೂ ರಾತ್ರಿ ನರದೊಳಗೆ ಹೋಗುತ್ತಿದೆ. ನಾವೂ ಹಗಲೂ ರಾತ್ರಿ ಬೇಡುವುದು ಅದೊಂದೇ. ಕೃಷ್ಣಾ, ಆ ದಾರಿ ಮುಚ್ಚಬೇಡಪ್ಪಾ.

ಕೃಷ್ಣ ಅಂದರೆ ನಮಗೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣ. ಚನ್ನಪಟ್ಟಣದ ಹತ್ತಿರ, ಅಪ್ರಮೇಯ ಸ್ವಾಮಿ ದೇವಸ್ಥಾನದಲ್ಲಿದ್ದಾನೆ. ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಡುವ ಮಗು. ಮಕ್ಕಳಿಗಾಗಿ ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಒಪ್ಪಿಸುತ್ತಾರೆ. ಮರದ್ದೋ ಬೆಳ್ಳಿಯದ್ದೋ, ಅವರವರ ಶಕ್ತಿಗೆ ತಕ್ಕಂತೆ.

ಅಮ್ಮ ಹರಕೆ ಹೊತ್ತಿದ್ದು ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತು. ಪುರುಡಿನಲ್ಲಿ ಮುಡಿಪು ಕಟ್ಟಬಾರದು ಅಲ್ವಾ ಎಂದೆ. "ಕಾಸು ಮುಟ್ಟಿಲ್ಲ ಕಣೋ, ಮನಸ್ಸಲ್ಲೇ ಕಟ್ಟಿದ್ದೀನಿ" ಎಂದರು. ಕೃಷ್ಣನಿಗೆ ಮರದ ತೊಟ್ಟಿಲು, ಬೆಳ್ಳಿಗೆ ಹಾಕುವಷ್ಟು ಹಣ ಇನ್ನೊಂದು ಕೂಸಿನ ಆಪರೇಷನ್‌ಗೆ, ಅಂತ ಆ ಹರಕೆಯಲ್ಲೇ ಸೇರಿಸಿದ್ದಾರೆ. ನನಗೆ ಇದು ತುಂಬಾ ಹಿಡಿಸಿತು. ಪುರುಡಿನ ನಿಯಮದ ಮೇಲೆ ನನಗೇನೂ ಕೋಪವಿಲ್ಲ. ಬಾಣಂತಿಗೂ ಕೂಸಿಗೂ ವಿಶ್ರಾಂತಿ ಸಿಗಲಿ ಅಂತಲೇ ಹಿರಿಯರು ಮಾಡಿದ್ದಿರಬೇಕು. ಆದರೆ ನಮ್ಮ ಬಾಣಂತಿಗೆ ವಿಶ್ರಾಂತಿ ಎಲ್ಲಿ? ಹೊಲಿಗೆ ಇನ್ನೂ ಹಸಿ. ಹೊತ್ತು ಹೊತ್ತಿಗೆ ಎದ್ದು ಎದೆಹಾಲು ಹಿಂಡಿ ಕೊಡುತ್ತಾಳೆ. ಅದು ಮೂಗಿನ ನಳಿಕೆಯಲ್ಲಿ ಕೆಲವೇ ಮಿಲಿಲೀಟರ್ ಮಗುವಿನ ಹೊಟ್ಟೆ ಸೇರುತ್ತದೆ. ಆ ಹಾಲು ಬೆಣ್ಣೆಕೃಷ್ಣನಿಗೆ ಮುಟ್ಟದೇ ಇರುತ್ತದಾ?

ಆಪರೇಷನ್‌ನಲ್ಲಿ ಆ ನಾಳಗಳನ್ನು ಕತ್ತರಿಸಿ ಸರಿಯಾದ ಜಾಗಕ್ಕೆ ಹೊಲಿಯುತ್ತಾರೆ. ಹೃದಯಕ್ಕೇ ರಕ್ತ ಕೊಡುವ ಒಂದೆರಡು ಮಿಲಿಮೀಟರ್ ಅಗಲದ ನಾಳಗಳನ್ನೂ ಬಿಡಿಸಿ ಹೊಸ ಜಾಗಕ್ಕೆ ಕೂರಿಸಬೇಕು. 1975ರಲ್ಲಿ ಬ್ರೆಜಿಲ್‌ನಲ್ಲಿ ಇದು ಮೊದಲ ಸಲ ಯಶಸ್ವಿಯಾಯಿತು. ಈಗ ಬೆಂಗಳೂರಿನಲ್ಲೇ ಮಾಡುತ್ತಾರೆ. ಯಾವ ದಾರಿಯೂ ಇಲ್ಲದ ಕಾಲದಲ್ಲಿ ಎಷ್ಟು ಅಜ್ಜಿಯರು ಇಂಥದ್ದೇ ಹರಕೆ ಹೊತ್ತಿರಬಹುದು! ಅವರ ಮೊರೆ ಕೃಷ್ಣ ಕೇಳಲಿಲ್ಲ ಅಂತ ನಾನು ಅಂದುಕೊಳ್ಳಲಾರೆ. ಆ ಮೊರೆಗಳನ್ನೆಲ್ಲ ಕೇಳಿಯೇ ಈ ಡಾಕ್ಟರುಗಳ ಕೈಗೆ ಇಂಥ ವಿದ್ಯೆ ಕೊಟ್ಟ ಅಂತ ನನ್ನ ನಂಬಿಕೆ.

ನಾವು ಈಗ ಗುಡಿಗೆ ಹೋಗುವಂತಿಲ್ಲ. ದೊಡ್ಡಮಳೂರಿನ ಕಡೆ ಹೋಗುವವರು ಯಾರಾದರೂ ಇದ್ದರೆ ನಮ್ಮ ಕೂಸಿನ ಪರವಾಗಿ ಒಂದು ಅರ್ಚನೆ ಮಾಡಿಸಿ. ನಾಮಕರಣ ಆಗಿಲ್ಲ, ಹೆಸರು ಕೇಳಿದರೆ ಶಿಶು ಎನ್ನಿ. ನಕ್ಷತ್ರ ಹಸ್ತ. ಆಪರೇಷನ್ ಗುರುವಾರ ಬೆಳಿಗ್ಗೆ.