ಚೆನ್ನೆಮಣೆಯ ಮೇಲೆ ಮಹಾಯುದ್ಧ: ಹತ್ತೊಂಬತ್ತು ಕೂಟ ಆಯ್ತು

ಎರಡನೇ ಮಹಾಯುದ್ಧದ ಕಾಲದ ಒಂದು ಕತೆಯನ್ನು ನಾವು ಐದು ಜನ ಪಾತ್ರ ಹಿಡಿದು ಆಡುತ್ತಿದ್ದೇವೆ, ಮೊನ್ನೆ ಭಾನುವಾರ ಅದರ ಹತ್ತೊಂಬತ್ತನೇ ಕೂಟ ಮುಗಿಯಿತು. ಕತೆಯೊಳಗೆ ಈಗ 1943ರ ಜೂನ್. ಬಸ್ಸಿನ ಹಿಂದಿನ ಟಯರು ಹೊಟ್ಟೆ ಬಿಟ್ಟಿದೆ. ಮಲಯ ಜಪಾನಿನವರ ಕೈಗೆ ಹೋದ ಮೇಲೆ ರಬ್ಬರಿಗೂ ಬರ, ಹೊಸ ಟಯರು ಎಲ್ಲೂ ಇಲ್ಲ. ಲೆಕ್ಕ ಇಡುವ ಚೆನ್ನೆಮಣೆಯಲ್ಲಿ (ಸಾಲು ಗುಳಿಗಳ ಮರದ ಮಣೆ) ಸೀಮೆಎಣ್ಣೆಯ ಗುಳಿಯಲ್ಲಿ ಉಳಿದದ್ದು ಎರಡೇ ಮಂಜೊಟ್ಟಿ ಬೀಜ. ಹೊರಗೆ ನಿಜವಾಗಿಯೂ ಮಳೆ ಹೊಯ್ಯುತ್ತಿತ್ತು. ಉಡುಪಿಯ ನಮ್ಮ ಕುಂಜಿಬೆಟ್ಟಿನಲ್ಲಿ ಕರೆಂಟೂ ಹೋಯಿತು. ಚಿಮಿಣಿ ದೀಪ ಇಟ್ಟು ಆಡಿದೆವು. ಆ ಒಂದು ವಿಷಯದಲ್ಲಿ ನನಗೆ ಕೆಲಸ ಕಮ್ಮಿ ಆಯಿತು.

ಏನಿದು ಅಂತ ಕೇಳುವವರಿಗೆ: ಐದು ಜನ ಚಾಪೆ ಮೇಲೆ ಕೂರುತ್ತೇವೆ. ನಾಲ್ವರಿಗೆ ಒಂದೊಂದು ಪಾತ್ರ. ನಾನು ಕತೆ ನಡೆಸುವವನು, ಉಳಿದ ಲೋಕವೆಲ್ಲ ನನ್ನ ಪಾಲಿಗೆ. ಯಾರು ಏನು ಮಾಡುತ್ತಾರೆ ಅಂತ ಮೊದಲೇ ಬರೆದಿರುವುದಿಲ್ಲ. ಇದನ್ನು ಅಮ್ಮನಿಗೆ ರೋಲ್ ಪ್ಲೇಯಿಂಗ್ ಗೇಮ್ ಅಂತ ಇಂಗ್ಲಿಷ್ ಹೆಸರು ಹೇಳಿ ಅರ್ಧ ಗಂಟೆ ವಿವರಿಸಿದ್ದೆ. ಕೊನೆಗೆ ಅವರೇ, "ತಾಳಮದ್ದಳೆ ಅಂತ ಹೇಳಿದ್ರೆ ಆಗ್ತಿತ್ತಲ್ಲ" ಅಂದರು. ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಅಂದಿನಿಂದ ಸೆಷನ್ ಹೋಗಿ ಕೂಟ ಆಯಿತು, ನಾನು ಭಾಗವತ ಆದೆ. ಒಬ್ಬರ ಅರ್ಥಗಾರಿಕೆ ಉದ್ದವಾದರೆ ತಾಳ ಒಂದು ಸಲ ತಟ್ಟುತ್ತೇನೆ. ನಮ್ಮ ಜೊತೆ ಆಡುವ ಬ್ಯಾಂಕಿನವರಿಗೆ ಎರಡು ಸಲ ತಟ್ಟಬೇಕು.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಇದಕ್ಕಿಂತ ಮುಂಚೆ ಕೊಹಿಮಾ ಕಾಳಗ ಹಿಡಿದಿದ್ದೆ, 1944ರ ಏಪ್ರಿಲ್‌ನಿಂದ ಜೂನ್‌ವರೆಗಿನದು. ಟೆನಿಸ್ ಕೋರ್ಟಿನ ಆಚೆ ಈಚೆ ಎರಡು ಸೈನ್ಯ ಕೂತು ಬಡಿದಾಡಿದ ಜಾಗ ಅದು. ನಕ್ಷೆ ಬಿಡಿಸಿದೆ, ಬಂದೂಕಿಗೆಲ್ಲ ಪಟ್ಟಿ ಮಾಡಿದೆ. ನಾಲ್ಕು ಕೂಟದಲ್ಲಿ ನಮ್ಮವರು ನಾಲ್ಕು ಜನ ಸೇರಿ ಒಂದು ಬೆಟಾಲಿಯನ್ನೇ ಮುಗಿಸಿದರು. ಯಾರಿಗೂ ಹಸಿವಾಗಲಿಲ್ಲ, ಯಾರಿಗೂ ಮನೆ ನೆನಪಾಗಲಿಲ್ಲ. ಮೊಬೈಲಿನಲ್ಲಿ ಆಡಿದ ಹಾಗೆ. ನಿಲ್ಲಿಸಿದೆ.

ಆಮೇಲೆ ಊರಿಗೇ ತಂದೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಮಂಗಳೂರಿಗೆ 1907ರಿಂದಲೇ ರೈಲು ಉಂಟು, ಉಡುಪಿಗೆ ಆಗ ಇರಲಿಲ್ಲ. ಉಡುಪಿಯವರಿಗೆ ಬಸ್ಸೇ ಗತಿ. ಮಂಗಳೂರಿನ ದಾರಿಯಲ್ಲಿ ಕೂಳೂರಿನ ಸೇತುವೆ ಆದದ್ದು ಸ್ವಾತಂತ್ರ್ಯದ ಮೇಲೆ, ಅಲ್ಲಿಯವರೆಗೆ ಹೊಳೆ ದಾಟಲಿಕ್ಕೆ ಕಡವು. ಹಾಗಾಗಿ ನಮ್ಮ ಪಾತ್ರಗಳು ಒಂದು ಬಸ್ಸಿನ ಸುತ್ತ: ಡ್ರೈವರ್ ಸಂಜೀವ, ಕಂಡಕ್ಟರ್ ಬಾಬು, ಮುಲ್ಕಿಯಲ್ಲಿ ಅಕ್ಕಿ ಅಂಗಡಿ ಇಟ್ಟ ಪೈ ಮಾಮ್, ಶಾಲೆ ಕಲಿಸುವ ಲಕ್ಷ್ಮಿ ಟೀಚರ್. ಸಂಜೀವನನ್ನು ಆಡುವವನು ನಿಜಕ್ಕೂ ಗ್ಯಾರೇಜಿನವನು. ಬಾಬು ನನ್ನ ಭಾವ. ಪೈ ಮಾಮ್ ಬ್ಯಾಂಕಿನವರು. ಟೀಚರ್ ಪಾತ್ರ ಪಕ್ಕದ ಮನೆಯ ಪಿಯುಸಿ ಹುಡುಗಿಯದ್ದು. ಟೀಚರಿನ ಅಣ್ಣ ಬರ್ಮಾದ ರಂಗೂನಿನಲ್ಲಿ ಗುಮಾಸ್ತ. ಮೊದಲ ಕೂಟ ಶುರುವಾದದ್ದೇ ಅವನ ಕಾರ್ಡಿನಿಂದ. 1941ರ ಡಿಸೆಂಬರ್ ಮೊದಲ ವಾರ ಹಾಕಿದ್ದು. ಚಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ನಾನೇ ಮಾಡಿದ ಕಾರ್ಡು. ಡಿಸೆಂಬರ್ 23ಕ್ಕೆ ರಂಗೂನಿನ ಮೇಲೆ ಬಾಂಬು ಬಿತ್ತು. ಆಮೇಲೆ ಅವನಿಂದ ಒಂದಕ್ಷರ ಇಲ್ಲ.

ಈಗ ಲೆಕ್ಕದ ವಿಷಯ. ನಿಜ ಹೇಳಬೇಕೆಂದರೆ ಆಟ ಕೈಗೆ ಹತ್ತಿದ್ದು ಇಲ್ಲಿಂದ.

ಪಾತ್ರ ಹಿಡಿದ ಕೆಲಸ ಆಯಿತೋ ಇಲ್ಲವೋ ಅಂತ ತೀರ್ಮಾನಿಸಲಿಕ್ಕೆ ಇಪ್ಪತ್ತು ಮುಖದ ದಾಳ ತರಿಸಿದ್ದೆ. ಕೊಹಿಮಾದ ಜೊತೆ ಅದನ್ನೂ ಮೂಲೆಗೆ ಹಾಕಿ ಆರು ಕವಡೆ ಹಿಡಿದೆ. ಅಂಗಾತ ಬಿದ್ದದ್ದು ಎಷ್ಟು ಅಂತ ಎಣಿಸುವುದು. ಆರು ಕವಡೆಗೆ ಒಟ್ಟು 64 ಬಗೆ. ಅದರಲ್ಲಿ ಮೂರು ಅಥವಾ ಜಾಸ್ತಿ ಬರುವುದು 42, ನಾಲ್ಕು ಅಥವಾ ಜಾಸ್ತಿ 22. ಆರೂ ಅಂಗಾತ ಬೀಳುವುದು ಒಂದೇ ಒಂದು. ಇದು ಕವಡೆ ಸಮನಾಗಿ ಬಿದ್ದರೆ. ನಮ್ಮ ಕವಡೆ ಬೆನ್ನು ಮೇಲೆ ಮಾಡಿ ಮಲಗುವುದೇ ಜಾಸ್ತಿ, ಹಾಗಾಗಿ ಸಾಧಾರಣ ಕೆಲಸಕ್ಕೆ ಎರಡು ಬಿದ್ದರೆ ಸಾಕು ಅಂತ ಇಳಿಸಿದೆ.

ಆದರೆ ಕವಡೆ ಹಾಕುವುದು ಅಪರೂಪ. ನಿಜವಾದ ಆಟ ಚೆನ್ನೆಮಣೆಯ ಮೇಲೆ. ಅಜ್ಜಿಯ ಮಣೆ, ಹಲಸಿನ ಮರದ್ದು, ಅಟ್ಟದ ಮೇಲಿತ್ತು. ಒಂದು ಬದಿಯ ಏಳು ಗುಳಿ ಮನೆಯದ್ದು, ಆಚೆ ಬದಿಯ ಏಳು ಪೇಟೆಯದ್ದು. ಮನೆ ಬದಿಯಲ್ಲಿ ಎಡದಿಂದ ಅಕ್ಕಿ, ಸೀಮೆಎಣ್ಣೆ, ಇದ್ದಿಲು, ಬಟ್ಟೆ, ಸಕ್ಕರೆ, ದುಡ್ಡು, ಕೊನೆಗೆ ಕಾಗದ. ಕಾಗದ ಅಂದರೆ ಅಂಚೆ, ಸುದ್ದಿ. ಶುರುವಿಗೆ ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ. ಪ್ರತಿ ವಾರ ಒಬ್ಬರು ಒಂದು ಗುಳಿ ಪೂರ್ತಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿತ್ತಬೇಕು, ನಿಜವಾದ ಚೆನ್ನೆಯಲ್ಲಿ ಮಾಡುವ ಹಾಗೆಯೇ. ಅಕ್ಕಿ ಮಾರಿದರೆ ಸೀಮೆಎಣ್ಣೆ ಬರುತ್ತದೆ, ಆದರೆ ಅಕ್ಕಿ ಗುಳಿ ಬೋಳು. ಕೊನೆಯ ಬೀಜ ಕಾಗದದ ಗುಳಿಗೆ ಬಿದ್ದರೆ ಅಂಚೆಯವನು ಬರುತ್ತಾನೆ.

ಅಮ್ಮನಿಗೆ ಇದು ಪೂರ್ತಿ ಸರಿ ಬಂದಿಲ್ಲ. ಆಟಿ (ತುಳುವರ ಮಳೆಗಾಲದ ತಿಂಗಳು) ಬಿಟ್ಟು ಬೇರೆ ತಿಂಗಳಲ್ಲಿ ಚೆನ್ನೆಮಣೆ ಇಳಿಸಬಾರದು, ಅಕ್ಕತಂಗಿ ಎದುರೆದುರು ಕೂತು ಆಡಲೇಬಾರದು. ತುಳು ಪಾಡ್ದನದ ಅಬ್ಬಗ ದಾರಗ ಅಕ್ಕತಂಗಿಯರು ಇದೇ ಮಣೆಯ ಜಗಳದಲ್ಲಿ ಜೀವ ಕಳೆದುಕೊಂಡದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. "ನಾವು ಆಡುತ್ತಾ ಇಲ್ಲ ಅಮ್ಮ, ಲೆಕ್ಕ ಇಡುವುದು" ಅಂತ ಒಪ್ಪಿಸಿದ್ದೇನೆ.

ನಾಲ್ಕನೇ ಕೂಟ ಮರೆಯುವ ಹಾಗಿಲ್ಲ. ಕತೆಯಲ್ಲಿ 1942ರ ಮಾರ್ಚ್. 8ನೇ ತಾರೀಕು ರಂಗೂನ್ ಬಿತ್ತು. ಅದರ ಹಿಂದಿನ ದಿನ ಬ್ರಿಟಿಷರೇ ಹತ್ತಿರದ ಸಿರಿಯಂನ ಎಣ್ಣೆ ಕಾರ್ಖಾನೆ ಉರಿಸಿ ಹೊರಟಿದ್ದರು. ಬರ್ಮಾದಿಂದ ಬರುತ್ತಿದ್ದ ಅಕ್ಕಿ, ಎಣ್ಣೆ ಎರಡೂ ನಿಂತವು. ನಾನು ಏನೂ ಹೇಳಲಿಲ್ಲ. ಕೈ ಚಾಚಿ ಪೇಟೆ ಬದಿಯ ಅಕ್ಕಿ ಗುಳಿಯಿಂದ ಎಲ್ಲ ಬೀಜ ಎತ್ತಿ ಅಂಗಿ ಜೇಬಿಗೆ ಹಾಕಿದೆ. ಆಮೇಲೆ ಸೀಮೆಎಣ್ಣೆಯ ಗುಳಿಯದ್ದೂ. "ಇದೆಂತದು, ವಾಪಸ್ ಹಾಕುದಿಲ್ವಾ?" ಅಂತ ಭಾವ ಕೇಳಿದರು. "ಇಲ್ಲ." ಕೊಹಿಮಾದಲ್ಲಿ ನಾಲ್ಕು ಕೂಟ ಗುಂಡು ಹಾರಿಸಿದಾಗ ಬಾರದ ಮೌನ ಆಗ ಬಂತು. ಬರ್ಮಾ ಎಷ್ಟು ದೂರ ಅಂತ ಯಾರೋ ಮೆಲ್ಲಗೆ ಕೇಳಿದರು.

ಮರುತಿಂಗಳು, ಏಪ್ರಿಲ್ 6ಕ್ಕೆ, ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿತ್ತು. ಮದ್ರಾಸಿನಲ್ಲಿ ಗಾಬರಿಯಾಗಿ ಜನ ಊರು ಬಿಟ್ಟರು. ನಮ್ಮ ಕತೆಯಲ್ಲೂ ಅಲ್ಲಿ ಹೋಟೆಲಿನಲ್ಲಿದ್ದ ನೆಂಟರು ಟ್ರಂಕು, ಮಕ್ಕಳು, ಒಂದು ಹಿತ್ತಾಳೆ ಕೊಳದಪ್ಪಲೆ ಸಮೇತ ಮಂಗಳೂರು ಸ್ಟೇಷನ್ನಿನಲ್ಲಿ ಇಳಿದರು. ಪೈ ಮಾಮ್ ಮನೆಯಲ್ಲಿ ಹನ್ನೊಂದು ಜನ. ಆ ತಿಂಗಳು ಅಕ್ಕಿ ಎರಡು ಪಟ್ಟು ಖರ್ಚು.

ಆರನೇ ಕೂಟದಲ್ಲಿ ನಾನೇ ಸಿಕ್ಕಿಬಿದ್ದೆ. ಚಿಲ್ಲರೆ ಅಂತ ಹಳೆ ತೂತು ಕಾಸು ನಾಲ್ಕು ಕೈಗೆ ಕೊಟ್ಟಿದ್ದೆ, ಮುಟ್ಟಿ ನೋಡಲಿ ಅಂತ. ಬ್ಯಾಂಕಿನವರು ಒಂದನ್ನು ದೀಪಕ್ಕೆ ಹಿಡಿದು ನೋಡಿ, "ಭಾಗವತರೇ, ನಾವು ಯಾವ ವರ್ಷದಲ್ಲಿದ್ದೇವೆ?" ಅಂದರು. 1942 ಅಂದೆ. "ಕಾಸಿನ ಮೇಲೆ 1943 ಉಂಟಲ್ಲ." ತೂತು ಕಾಸು ಬಂದದ್ದೇ 1943ರಲ್ಲಿ, ಯುದ್ಧಕ್ಕೆ ಲೋಹ ಉಳಿಸಲಿಕ್ಕೆ. ದಂಡವಾಗಿ ಎಲ್ಲರಿಗೂ ಗೋಳಿಬಜೆ ನನ್ನ ಖರ್ಚಿನಲ್ಲಿ.

ಒಂಬತ್ತನೆಯದು ಬಸ್ಸಿನ ಕೂಟ. ಪೆಟ್ರೋಲ್ ಸಿಗದೆ ಬಸ್ಸುಗಳನ್ನೆಲ್ಲ ಇದ್ದಿಲು ಗ್ಯಾಸಿಗೆ ತಿರುಗಿಸಿದ ಕಾಲ ಅದು. ಹಿಂದೆ ಒಂದು ದೊಡ್ಡ ಡ್ರಮ್ಮು, ಅದರಲ್ಲಿ ಇದ್ದಿಲ ಕೆಂಡ. ಗಾಳಿ ಕಮ್ಮಿ ಬಿಟ್ಟರೆ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ ಇಂಜಿನಿಗೆ ಕೊಡುವುದು. ಶಕ್ತಿ ಪೆಟ್ರೋಲಿಗಿಂತ ತುಂಬ ಕಮ್ಮಿ, ಏರು ಬಂದರೆ ಜನ ಇಳಿದು ದೂಡಬೇಕು. ಹೊರಡುವ ಮೊದಲು ಕೆಂಡ ಹಿಡಿಯುವವರೆಗೆ ಬ್ಲೋವರ್ ಕೈಯಲ್ಲೇ ತಿರುಗಿಸಬೇಕು. "ಎಷ್ಟು ಹೊತ್ತು?" ಅಂತ ಗ್ಯಾರೇಜಿನವನು ಕೇಳಿದ. ಬಾಯಲ್ಲಿ ಹೇಳಿದರೆ ಏನೂ ಆಗುವುದಿಲ್ಲ ಅಂತ ಅಡುಗೆಮನೆಯಿಂದ ಬೀಸುಕಲ್ಲು ತಂದು ಭಾವನ ಮುಂದೆ ಇಟ್ಟೆ. ಹದಿನೈದು ನಿಮಿಷ. ಅವರು ತಿರುಗಿಸುತ್ತಾ ಇರಬೇಕು, ಉಳಿದವರು ಪ್ರಯಾಣಿಕರಾಗಿ ಬೈಯುತ್ತಾ ಇರಬೇಕು.

ಮೂರು ನಿಮಿಷಕ್ಕೆ ಭಾವ ಅಂಗಿ ಬಿಚ್ಚಿದರು. ಐದಕ್ಕೆ ಕೈ ಬದಲಿಸಿದರು. ಪೈ ಮಾಮ್ ಆಗಿ ಬ್ಯಾಂಕಿನವರು, "ಏ ಬಾಬು, ಕೋರ್ಟಿನ ಟೈಮಾಯ್ತು, ನಡೆದು ಹೋಗಿದ್ರೆ ಪಣಂಬೂರು ದಾಟ್ತಿದ್ದೆ" ಅಂತ ಶುರು ಮಾಡಿದರು. ಒಬ್ಬ ಹೆಂಗಸು ಮೀನಿನ ಬುಟ್ಟಿ ಬಸ್ಸಿನ ತಲೆ ಮೇಲೆ ಇಡಬೇಕು ಅಂತ ಹಟ ಹಿಡಿದಳು (ಅದು ನಾನು). ಹನ್ನೊಂದನೇ ನಿಮಿಷಕ್ಕೆ ಭಾವ ತಲೆ ಎತ್ತಿ, "ಯುದ್ಧಕ್ಕೇ ಹೋಗಬಹುದಿತ್ತು ಮಾರಾಯ, ಅಲ್ಲಿ ಸುಮ್ನೆ ಸಾಯುದಷ್ಟೇ" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಬೀಸುಕಲ್ಲಿನಿಂದ ಒಂದು ಸೇರು ರಾಗಿಹಿಟ್ಟೂ ಸಿಕ್ಕಿತು. ಅಮ್ಮ ಆ ಕೂಟವನ್ನು ಮಾತ್ರ ಹೊಗಳುತ್ತಾರೆ.

ಬ್ಯಾಂಕಿನವರಿಗೆ ಮಾತ್ರ ಗುಂಡಿನ ಆಸೆ ಹೋಗಿಲ್ಲ. ಅವರಿಗಾಗಿ ಹದಿನೈದನೇ ಕೂಟದಲ್ಲಿ ಒಂದು ಎಳೆ ಬಿಟ್ಟೆ. 1943ರ ಮಾರ್ಚ್ ಮೊದಲ ವಾರ. ಮಲ್ಪೆಯ ಬೆಸ್ತರೊಬ್ಬರು ಬಸ್ಸಿನಲ್ಲಿ ಹೇಳುತ್ತಾರೆ: ಹೂಳೆತ್ತುವ ದೋಣಿಯ ಹಾಗಿರುವ ಒಂದು ಕೊಳಕು ಹಡಗು ಬಡಗು ದಿಕ್ಕಿಗೆ ಹೋಯಿತು, ಆಮೆಯ ಹಾಗೆ. ಯಾರೂ ಕಿವಿ ಕೊಡಲಿಲ್ಲ. ಬೆಸ್ತರಿಗೆ ಟಿಕೆಟಿನ ಚಿಲ್ಲರೆ ಕೊಟ್ಟು ಮುಂದೆ ಹೋದರು. ಮುಂದಿನ ಕೂಟದಲ್ಲಿ ಮಂಗಳೂರಿನ ಬಂದರಿಗೆ ಬಂದ ಮಂಜಿಯ (ಸರಕಿನ ಹಾಯಿದೋಣಿ) ತಂಡೇಲ ಸುದ್ದಿ ತಂದ: ಗೋವೆಯ ಮುರ್ಮುಗಾವಿನಲ್ಲಿ 9ನೇ ತಾರೀಕು ರಾತ್ರಿ ನಾಲ್ಕು ಹಡಗು ಉರಿದು ಮುಳುಗಿದವು, ಮೂರು ಜರ್ಮನರದ್ದು, ಒಂದು ಇಟಲಿಯದ್ದು.

ಒಂದು ಗಂಟೆ ಚರ್ಚೆ. ಪೋರ್ಚುಗೀಸರೇ ಸುಟ್ಟರು ಅಂತ ಒಬ್ಬರು. ನಾವಿಕರೇ ಕುಡಿದು ಬೆಂಕಿ ಇಟ್ಟರು ಅಂತ ಇನ್ನೊಬ್ಬರು. ನಾನು ತಾಳ ಮುಟ್ಟಲಿಲ್ಲ. ನಡೆದದ್ದು ಇಷ್ಟು: ಎಹ್ರೆನ್‌ಫೆಲ್ಸ್ ಅನ್ನುವ ಹಡಗಿನಿಂದ ಜರ್ಮನ್ ಸಬ್‌ಮರೀನುಗಳಿಗೆ ಗುಟ್ಟಾಗಿ ಸುದ್ದಿ ಹೋಗುತ್ತಿದೆ ಅಂತ ಬ್ರಿಟಿಷರ ಗುಮಾನಿ. ಗೋವೆ ತಟಸ್ಥ ಪೋರ್ಚುಗಲ್ಲಿನದ್ದು, ಸೈನ್ಯ ಕಳಿಸುವ ಹಾಗಿಲ್ಲ. ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಅನ್ನುವ ಹವ್ಯಾಸಿ ದಳದ ನಡುವಯಸ್ಸಿನ ಸಾಹೇಬರನ್ನು ಕಳಿಸಿದರು. ಅವರು ಕೊಚ್ಚಿಯಲ್ಲಿ ಫೀಬಿ ಅನ್ನುವ ಹೂಳೆತ್ತುವ ದೋಣಿ ಹತ್ತಿ ಹೋದರು. ಈ ಗುಟ್ಟು ಹೊರಬಿದ್ದದ್ದು 1978ರಲ್ಲಿ. ಕೊಚ್ಚಿಯಿಂದ ಗೋವೆಗೆ ಸಮುದ್ರದಲ್ಲಿ ಹೋಗುವವರು ನಮ್ಮ ಮಂಗಳೂರು, ಮಲ್ಪೆಯ ಎದುರಿನಿಂದಲೇ ದಾಟಬೇಕು, ಅಲ್ವಾ. ಬೆಸ್ತರು ನೋಡಿದ್ದು ನನ್ನ ಕಲ್ಪನೆ, ದಾರಿ ನನ್ನ ಕಲ್ಪನೆ ಅಲ್ಲ. ಕೂಟ ಮುಗಿದ ಮೇಲೆ ಹೇಳಿದೆ. ಬ್ಯಾಂಕಿನವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನೊಂದು ತಲೆನೋವು, ಮುಂದಿನದು ಎಲ್ಲರಿಗೂ ಗೊತ್ತಿರುವುದು. ಬಾಬುವಿನ ತಮ್ಮ ಬೊಂಬಾಯಿಯಲ್ಲಿ ಹಡಗುಕಟ್ಟೆಯ ಹತ್ತಿರ ಹೋಟೆಲಿನಲ್ಲಿದ್ದಾನೆ. ಅಲ್ಲಿ 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟಿಕೀನ್ ಹಡಗು ಸಿಡಿದದ್ದು, ಹತ್ತಿ ಮತ್ತು ಮದ್ದುಗುಂಡು ಒಟ್ಟಿಗೆ ತುಂಬಿದ್ದು, ಭಾವನಿಗೆ ಗೊತ್ತು. ಕತೆಯಲ್ಲಿ ಇನ್ನೂ ಹತ್ತು ತಿಂಗಳು ಉಂಟು, ಅಷ್ಟರಲ್ಲೇ ತಮ್ಮನಿಗೆ "ಸಮುದ್ರದ ಗಾಳಿ ನಿನಗೆ ಆಗುವುದಿಲ್ಲ, ಊರಿಗೆ ಬಾ" ಅಂತ ಕಾಗದ ಬರೆಸಿದ್ದಾರೆ. ಅದಕ್ಕೊಂದು ನಿಯಮ ಮಾಡಿದೆ: ನಾಳೆಯದ್ದು ತಿಳಿದು ನಡೆದರೆ ಮನೆ ಬದಿಯಿಂದ ಒಂದು ಬೀಜ ನನ್ನ ಜೇಬಿಗೆ. ಭಾವ ಮೂರು ಕೊಟ್ಟಾಯಿತು. ತಮ್ಮ ಇನ್ನೂ ಬಂದಿಲ್ಲ, ಅಲ್ಲಿ ಸಂಬಳ ಒಳ್ಳೆಯದುಂಟಂತೆ.

ನಾನು ಎಣಿಸದೇ ಇದ್ದದ್ದು ಪಿಯುಸಿ ಹುಡುಗಿಯ ಆಟ. ಹತ್ತನೇ ಕೂಟದ ಹೊತ್ತಿಗೆ ಗಮನಕ್ಕೆ ಬಂತು. ತನ್ನ ಸರದಿ ಬಂದಾಗ ಅವಳು ಅಕ್ಕಿ ನೋಡುವುದಿಲ್ಲ, ಎಣ್ಣೆ ನೋಡುವುದಿಲ್ಲ. ತೋರುಬೆರಳಿನಲ್ಲಿ ಗುಳಿಗಳ ಮೇಲೆ ಗಾಳಿಯಲ್ಲೇ ಎಣಿಸುತ್ತಾಳೆ. ಯಾವ ಗುಳಿ ಎತ್ತಿದರೆ ಕೊನೆಯ ಬೀಜ ಸರಿಯಾಗಿ ಕಾಗದಕ್ಕೆ ಬೀಳುತ್ತದೋ ಅದನ್ನೇ ಎತ್ತುತ್ತಾಳೆ. ಹದಿನೇಳನೇ ಕೂಟದಲ್ಲಿ ಇದ್ದಿಲಿನ ನಾಲ್ಕೂ ಬೀಜ ಎತ್ತಿದಳು. ಬಟ್ಟೆ, ಸಕ್ಕರೆ, ದುಡ್ಡು, ಕಾಗದ. ಬಸ್ಸು ಮುಲ್ಕಿಯಲ್ಲಿ ಎರಡು ದಿನ ನಿಂತಿತು. ಗ್ಯಾರೇಜಿನವನಿಗೆ ಸಿಟ್ಟು ನೆತ್ತಿಗೇರಿತ್ತು. ಅಂಚೆಯವನು ಬಂದ. ಕಾಗದ ಮದ್ರಾಸಿನ ಚಿಕ್ಕಪ್ಪನದ್ದು, ಮಿಡಿ ಉಪ್ಪಿನಕಾಯಿ ಕಳಿಸಿ ಅಂತ.

ಅಂಚೆ ಬಂದಾಗಲೆಲ್ಲ ನಾನು ಬೆನ್ನ ಹಿಂದೆ ಆರು ಕವಡೆ ಹಾಕುತ್ತೇನೆ. ಆರೂ ಅಂಗಾತ ಬಿದ್ದರೆ ಅದು ಅಣ್ಣನ ಕೈಬರಹ. ಇದನ್ನು ಅವಳಿಗೆ ಹೇಳಿಲ್ಲ, ಅವಳು ಇದನ್ನು ಓದಿದರೂ ಚಿಂತೆ ಇಲ್ಲ. ಬರ್ಮಾದಿಂದ ಆಗ ಲಕ್ಷಾಂತರ ಜನ ನಡೆದೇ ಬಂದರು. ಕೆಲವರು ತೌಂಗಪ್ ಘಾಟಿ ಹತ್ತಿ ಅರಕಾನಿನ ಕಡೆ, ಕೆಲವರು ತಾಮು ದಾಟಿ ಇಂಫಾಲಕ್ಕೆ. ದಾರಿಯಲ್ಲಿ ಕಾಲರಾ. ಯಾರು ಬಂದರು, ಯಾರು ಬರಲಿಲ್ಲ ಅಂತ ನಾನೊಬ್ಬ ಕೂತು ತೀರ್ಮಾನ ಮಾಡಲಿಕ್ಕೆ ಮನಸ್ಸು ಬರಲಿಲ್ಲ, ಅದಕ್ಕೇ ಕವಡೆ. ಈವರೆಗೆ ಜಾಸ್ತಿ ಅಂದರೆ ನಾಲ್ಕು ಬಿದ್ದಿದೆ.

ಮುಂದಿನ ಕೂಟ ಮೂರು ವಾರ ಬಿಟ್ಟು. ಆಟಿ ಬಂತು, ಚಿಕ್ಕಮ್ಮನ ಮಕ್ಕಳಿಗೆ ಆಡಲಿಕ್ಕೆ ಮಣೆ ಬೇಕಂತೆ. ಗುಳಿಗಳ ಲೆಕ್ಕ ಇಲ್ಲಿ ಬರೆದಿಡುತ್ತೇನೆ. ಅಕ್ಕಿ 6, ಸೀಮೆಎಣ್ಣೆ 2, ಇದ್ದಿಲು 3, ಬಟ್ಟೆ 1, ಸಕ್ಕರೆ ಇಲ್ಲ, ದುಡ್ಡು 4, ಕಾಗದ 3. ಮೊದಲ ಸರದಿ ಟೀಚರಿನದ್ದು. ಅಕ್ಕಿಯಿಂದ ಹೊರಟರೆ ಆರನೇ ಬೀಜ ಎಲ್ಲಿಗೆ ಬೀಳುತ್ತದೆ ಅಂತ ಚಪ್ಪಲಿ ಹಾಕುವಾಗಲೇ ಬೆರಳು ಮಡಚಿ ಎಣಿಸುತ್ತಿದ್ದಳು. ಪೈ ಮಾಮ್ ಅದನ್ನು ನೋಡಿದ್ದಾರೆ.