ನಡಾವಳಿ ಬರೆದಾಗಿತ್ತು, ಮಕ್ಕಳನ್ನು ಕೇಳಿರಲಿಲ್ಲ

ಕೊಡಗಿನಲ್ಲಿ ಮಳೆ ರಜೆ ಜಾಸ್ತಿಯಾದ ವರ್ಷ, ಬಿಟ್ಟುಹೋದ ಪಾಠ ಹೇಗೆ ಮುಗಿಸುವುದು ಅನ್ನೋ ಮಾತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬಂದೇ ಬರುತ್ತದೆ. ನಾನಾಗ ಸೋಮವಾರಪೇಟೆ ಕಡೆ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿದ್ದೆ. ಮಕ್ಕಳೇ ಮತ ಹಾಕಿ ಮಂತ್ರಿಗಳನ್ನು ಆರಿಸುವ ಶಾಲಾ ಸಂಸತ್ತಿನ ಉಸ್ತುವಾರಿ ನನ್ನದು.

ಸಂಜೆ ಒಂದು ಗಂಟೆ ಹೆಚ್ಚು ಕ್ಲಾಸ್ ಮಾಡೋಣ ಅಂತ ಮುಖ್ಯ ಶಿಕ್ಷಕರ (ಎಚ್‌ಎಂ) ಯೋಚನೆ. ನಡಾವಳಿ ಪುಸ್ತಕ ಸಹಿಗೆ ಬಂತು. ನೋಡಿದರೆ, 'ಮಕ್ಕಳ ಅಭಿಪ್ರಾಯ ಪಡೆದು ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಅಂತ ಬರೆದಾಗಿದೆ. ಸಭೆ ಇನ್ನೂ ಶುರುವಾಗಿರಲಿಲ್ಲ.

"ಸಾರ್, ಸಂಸತ್ತಿನ ಮುಖ್ಯಮಂತ್ರಿನ ಕರೀಲಾ?" ಅಂದೆ.

"ಮಕ್ಕಳಿಗೆ ಇದೆಲ್ಲ ಯಾಕೆ ಮೇಡಂ, ಸುಮ್ನೆ ಟೈಮ್ ಹಾಳು."

ಸಹಿ ಹಾಕದೆ ಪುಸ್ತಕ ಮುಚ್ಚಿಟ್ಟೆ. ಯಾರೂ ಮಾತಾಡಲಿಲ್ಲ. ಅಧ್ಯಕ್ಷರು ನನ್ನ ಮುಖ ನೋಡಿದರು, ಎಚ್‌ಎಂ ಮುಖ ನೋಡಿದರು. ಎದೆ ಡವಡವ ಅಂತಿತ್ತು. ಕೊನೆಗೆ ಅಧ್ಯಕ್ಷರೇ "ಕರೀರಿ" ಅಂದರು.

ಬಂದವಳು ಏಳನೇ ಕ್ಲಾಸಿನ ಹುಡುಗಿ. ಕೈ ಹಿಂದೆ ಕಟ್ಟಿಕೊಂಡು ಹೇಳಿದಳು: "ಸಂಜೆ ಬೇಡ ಸಾರ್. ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು ತೋಟದೊಳಗೇ ನಡೆದು ಹೋಗಬೇಕು. ಕತ್ತಲಾದರೆ ಆನೆ ಭಯ. ಶನಿವಾರ ಮಧ್ಯಾಹ್ನ ಮೇಲೆ ಮಾಡಿ, ಬೆಳಕಿರುವಾಗಲೇ ಮನೆ ಸೇರ್ತೀವಿ."

ಎಚ್‌ಎಂ ಉತ್ತರ ಕೊಡಲಿಲ್ಲ. ತೋಟದ ಕೆಲಸದ ಅಪ್ಪ ಒಬ್ಬರು ಎದ್ದು, "ಮೊನ್ನೆ ನಮ್ಮ ಲೈನ್ ಹತ್ತಿರವೇ ನಿಂತಿತ್ತು ಸಾರ್" ಅಂದರು. ಶನಿವಾರವೇ ಗಟ್ಟಿಯಾಯಿತು. ಹಳೇ ಸಾಲು ಹೊಡೆದುಹಾಕಿ, ಹುಡುಗಿ ಹೇಳಿದ್ದನ್ನು ಹೇಳಿದ ಹಾಗೇ ಬರೆಸಿದೆ.

ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಸರಿ. ಆದರೆ ಲೈನ್ ಮನೆಯವರು ಸಭೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಆ ದಾರಿ ದಿನಾ ನಡೆಯುವ ಮಕ್ಕಳನ್ನೂ ಕೇಳದಿದ್ದರೆ ಇನ್ನು ಯಾರು ಹೇಳಬೇಕು? ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು ಅಂತಲೇ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಹೇಳುತ್ತದೆ. ಭಾರತ ಅದನ್ನು 1992ರಲ್ಲೇ ಒಪ್ಪಿಕೊಂಡಿದೆ.

ನಮ್ಮಲ್ಲಿ ಸಂಸತ್ತಿನ ಚುನಾವಣೆ ಭರ್ಜರಿಯಾಗಿ ನಡೆಯುತ್ತದೆ. ನಾಮಪತ್ರ, ಪ್ರಚಾರ, ಮೊಬೈಲ್ ಆ್ಯಪಿನ ಇವಿಎಂ, ಬೆರಳಿಗೆ ಶಾಯಿ. ಗ್ರೂಪಿಗೆ ಫೋಟೋ ಹಾಕಿ ಅಂತ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನ್ ಬೇರೆ. ಆಮೇಲೆ ಆ ಮಂತ್ರಿಗಳಿಗೆ ಕೊಡುವ ಕೆಲಸ ನೀರು ತುಂಬಿಸುವುದು, ಊಟದ ಸಾಲು ನೋಡಿಕೊಳ್ಳುವುದು. ಮಕ್ಕಳು ಏನು ತೀರ್ಮಾನ ಮಾಡಿದರು ಅಂತ ಮೇಲಿನವರು ಒಬ್ಬರೂ ಕೇಳಿಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ಈಗ ಪ್ರತಿ ಎಸ್‌ಡಿಎಂಸಿ ಸಭೆಗೆ ಮುಂಚೆ ಸಂಸತ್ತಿನ ಸಭೆ ಕರೆಯುತ್ತೇನೆ. ಅವರು ಕೇಳಿದ್ದು ಆಗುವುದಿಲ್ಲ ಅಂದರೆ, ಯಾಕೆ ಆಗಲ್ಲ ಅನ್ನುವುದನ್ನು ಪ್ರಾರ್ಥನೆ ಹೊತ್ತಿಗೆ ಎಲ್ಲರ ಮುಂದೆ ಹೇಳಲೇಬೇಕು. ಈ ಸಲ ಬಂದಿರುವುದು ಹೆಣ್ಣುಮಕ್ಕಳ ಶೌಚಾಲಯದ ವಿಷಯ. ಬೀಗದ ಕೈ ಆಫೀಸ್ ರೂಮಿನಲ್ಲಿ ಇಡಬೇಡಿ, ಸಾರ್‌ಗಳ ಮುಂದೆ ಕೇಳಲು ನಾಚಿಕೆ ಅಂತ ಬರೆದುಕೊಟ್ಟಿದ್ದಾರೆ.